ಆ್ಯಪ್ ಎಲ್ಲಿಂದ ಶುರುವಾಗುತ್ತದೆ? ಡೆಸ್ಕ್‌ಟಾಪ್, ಮೊಬೈಲ್ ಎಂಟ್ರಿ ಪಾಯಿಂಟ್ ಹುಡುಕುವ ಸಮಗ್ರ ಮಾರ್ಗದರ್ಶಿ

ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಬರೆಯುವ ಪ್ರೋಗ್ರಾಂ ಸಾಮಾನ್ಯವಾಗಿ ಒಂದೇ ಫೈಲಿನದು. ಅದರಲ್ಲೊಂದು ‘ಮೇನ್’ ಇರುತ್ತದೆ. ಅಲ್ಲಿಂದ ಕೆಳಗೆ ಓದಿಕೊಂಡು ಹೋದರೆ ಮುಗಿಯಿತು. ಅದೇ ವಿದ್ಯಾರ್ಥಿ ಹೆಬ್ಬಾಳದ ಕಡೆ ಯಾವುದೋ ಕಂಪನಿಗೆ ಸೇರಿದ ಮೇಲೆ, ಇನ್ಯಾರೋ ಬರೆದು ಬಿಟ್ಟುಹೋದ ನೂರಾರು ಫೈಲುಗಳ ಪ್ರಾಜೆಕ್ಟ್ ಕೈಗೆ ಬರುತ್ತದೆ. ‘ಮೇನ್’ ಅಂತ ಹುಡುಕಿದರೆ ಒಂದೋ ಏನೂ ಸಿಗುವುದಿಲ್ಲ, ಇಲ್ಲವೇ ಹತ್ತು ಕಡೆ ಸಿಗುತ್ತದೆ. ಓದಲು ಎಲ್ಲಿಂದ ಶುರು ಮಾಡೋದು?

ನನ್ನ ಸಲಹೆ ಇಷ್ಟೇ: ಕೋಡಿನಲ್ಲಿ ಹುಡುಕಬೇಡಿ. ಪ್ರೋಗ್ರಾಂ ಓಡಿಸುವ ಮೊದಲು ಓಎಸ್ (ವಿಂಡೋಸ್, ಆಂಡ್ರಾಯ್ಡ್‌ನಂಥ ಆಪರೇಟಿಂಗ್ ಸಿಸ್ಟಮ್) ಏನನ್ನು ಓದುತ್ತದೋ ಅದನ್ನು ನೀವೂ ಓದಿ. ಓಎಸ್‌ಗೆ ನಿಮ್ಮ ಕೋಡ್ ಅರ್ಥವಾಗುವುದಿಲ್ಲ. ‘ಇಲ್ಲಿಂದ ಶುರು ಮಾಡು’ ಅಂತ ಎಲ್ಲೋ ಒಂದು ಕಡೆ ಬರೆದಿಟ್ಟಿರಲೇಬೇಕು. ಹಾಗೆ ಶುರುವಾಗುವ ಜಾಗವೇ ಎಂಟ್ರಿ ಪಾಯಿಂಟ್. ಆ ಜಾಗ ಗೊತ್ತಾದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಉದಾಹರಣೆಗೆ ಮಂಡ್ಯ ಕಡೆಯ ಒಂದು ಆಲೆಮನೆಯ ಲೆಕ್ಕದ ಸಾಫ್ಟ್‌ವೇರ್ ಇಟ್ಟುಕೊಳ್ಳೋಣ. ಕಬ್ಬಿನ ಟ್ರ್ಯಾಕ್ಟರ್ ಬಂದಾಗ ತೂಕ ಬರೆದುಕೊಳ್ಳಲು ಆಂಡ್ರಾಯ್ಡ್ ಫೋನಿನಲ್ಲಿ ಒಂದು ಆ್ಯಪ್. ಆಫೀಸು ಕೋಣೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಬೆಲ್ಲದ ಬಿಲ್ ಮಾಡುವ ಪ್ರೋಗ್ರಾಂ. ರಾತ್ರಿ ದಿನದ ಲೆಕ್ಕ ಕೂಡಿಸಲು ಪೈಥಾನ್ ಸ್ಕ್ರಿಪ್ಟ್. ಬೆಂಗಳೂರಿನಲ್ಲಿರುವ ಮಗ ಕೂತಲ್ಲೇ ನೋಡಲಿ ಅಂತ ಐಫೋನಿಗೆ ಇನ್ನೊಂದು ಆ್ಯಪ್. ಲೆಕ್ಕ ಒಂದೇ, ಆದರೆ ನಾಲ್ಕೂ ಶುರುವಾಗುವ ರೀತಿ ಬೇರೆ ಬೇರೆ.

ಇಲ್ಲಿ ಫಂಕ್ಷನ್, ಫೈಲ್, ಕಮಾಂಡುಗಳ ಹೆಸರನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಹಂತ 1: ಯಾರು ಯಾರನ್ನು ಕರೆಯುತ್ತಾರೆ?

ಡೆಸ್ಕ್‌ಟಾಪ್ ಪ್ರೋಗ್ರಾಂನಲ್ಲಿ ಓಎಸ್ ಫೈಲನ್ನು ಮೆಮೊರಿಗೆ ತಂದು, ಒಂದು ವಿಳಾಸಕ್ಕೆ ಹಾರಿ, ‘ಇನ್ನು ನಿನ್ನ ಪಾಡು’ ಅಂತ ಬಿಟ್ಟುಬಿಡುತ್ತದೆ. ಅಲ್ಲಿಂದ ಮುಂದೆ ಯಜಮಾನಿಕೆ ನಿಮ್ಮದು. ಲೂಪ್ ತಿರುಗಿಸುವುದು, ವಿಂಡೋ ತೆರೆಯುವುದು, ಕೊನೆಗೆ ಮುಗಿಸುವುದು ಎಲ್ಲ ನಿಮ್ಮ ‘ಮೇನ್’ ಕೈಯಲ್ಲಿ.

ಮೊಬೈಲಿನಲ್ಲಿ ಯಜಮಾನಿಕೆ ಸಿಸ್ಟಮ್ಮಿನದು. ‘ಮೇನ್’ ಅನ್ನುವುದು ಇದ್ದರೂ ಅದು ಹೆಸರಿಗೆ ಮಾತ್ರ, ಅಥವಾ ಸಿಸ್ಟಮ್ಮಿನ ಕೋಡಿನೊಳಗೇ ಇರುತ್ತದೆ. ನೀವು ಬರೆದ ಕ್ಲಾಸುಗಳನ್ನು ಅದು ಬೇಕಾದಾಗ ಹುಟ್ಟಿಸುತ್ತದೆ, ಬೇಕಾದಾಗ ಕರೆಯುತ್ತದೆ, ಮೆಮೊರಿ ಸಾಲದಿದ್ದರೆ ಹೇಳದೆ ಕೇಳದೆ ಪ್ರೋಸೆಸ್ಸನ್ನೇ ತೆಗೆದುಹಾಕುತ್ತದೆ. ಡೆಸ್ಕ್‌ಟಾಪಿನಿಂದ ಮೊಬೈಲಿಗೆ ಬಂದವರು ಎಡವುವುದು ಇಲ್ಲೇ.

ಹಾಗಾಗಿ ಮೊದಲು ಬಿಲ್ಡ್ ಆದ ಮೇಲೆ ಹೊರಬರುವ ಫೈಲ್ ಯಾವ ಬಗೆಯದು ನೋಡಿ. ಎಕ್ಸಿಕ್ಯೂಟಬಲ್ ಆದರೆ ಅದರ ಹೆಡರ್ (ಫೈಲಿನ ಶುರುವಿನ ಮಾಹಿತಿ ಭಾಗ) ಓದಬೇಕು. ಜಾವಾದ ಜಾರ್ ಆದರೆ ಒಳಗಿನ ಮ್ಯಾನಿಫೆಸ್ಟ್ (ಪ್ರೋಗ್ರಾಂನ ವಿವರ ಬರೆದಿಟ್ಟ ಫೈಲ್). ಎಪಿಕೆ ಆದರೆ ಆಂಡ್ರಾಯ್ಡ್ ಮ್ಯಾನಿಫೆಸ್ಟ್. ಮ್ಯಾಕ್ ಅಥವಾ ಐಫೋನ್ ಆ್ಯಪ್ ಆದರೆ ‘ಇನ್ಫೋ ಪಿಲಿಸ್ಟ್’. ಸ್ಕ್ರಿಪ್ಟ್ ಆದರೆ ಮೊದಲ ಸಾಲೇ.

ಹಂತ 2: ಲಿನಕ್ಸ್‌ನಲ್ಲಿ ‘ಮೇನ್’ಗಿಂತ ಮೊದಲು

ಸಿ ಭಾಷೆ ಕಲಿಸುವಾಗ ‘ಪ್ರೋಗ್ರಾಂ ಮೇನ್‌ನಿಂದ ಶುರುವಾಗುತ್ತದೆ’ ಅನ್ನುತ್ತಾರೆ. ನಾವು ಬರೆದ ಕೋಡಿನ ಮಟ್ಟಿಗೆ ಅದು ಸರಿ. ಆದರೆ ಓಎಸ್‌ಗೆ ‘ಮೇನ್’ ಅಂದರೆ ಏನೆಂದೇ ಗೊತ್ತಿಲ್ಲ.

ಕೈಯಾರೆ ನೋಡಿಬಿಡೋಣ. ಚಿಕ್ಕದೊಂದು ಸಿ ಪ್ರೋಗ್ರಾಂ ಬರೆದು ಜಿಸಿಸಿಯಲ್ಲಿ ಕಂಪೈಲ್ ಮಾಡಿ. ಆಮೇಲೆ ‘ರೀಡೆಲ್ಫ್’ ಕಮಾಂಡಿಗೆ ‘-ಎಚ್’ ಕೊಟ್ಟು ಆ ಫೈಲಿನ ಹೆಸರು ಕೊಡಿ. ಬರುವ ಸಾಲುಗಳಲ್ಲಿ ‘ಎಂಟ್ರಿ ಪಾಯಿಂಟ್ ಅಡ್ರೆಸ್’ ಅಂತ ಒಂದಿದೆ. ಇಎಲ್ಎಫ್ (ಲಿನಕ್ಸ್ ಎಕ್ಸಿಕ್ಯೂಟಬಲ್ಲಿನ ಫಾರ್ಮ್ಯಾಟ್) ಫೈಲಿನ ಹಣೆಯಲ್ಲೇ ಅದನ್ನು ಬರೆದಿರುತ್ತಾರೆ. ಈಗ ‘ಎನ್ಎಂ’ ಕಮಾಂಡಿನಿಂದ ಫೈಲಿನ ಸಿಂಬಲ್ಲುಗಳನ್ನು (ಫಂಕ್ಷನ್ ಮುಂತಾದವುಗಳ ಹೆಸರು, ವಿಳಾಸ) ತೆಗೆಯಿರಿ. ಹೆಡರಿನಲ್ಲಿದ್ದ ವಿಳಾಸ ‘ಮೇನ್’ನದಲ್ಲ, ‘_ಸ್ಟಾರ್ಟ್’ ಅನ್ನುವ ಇನ್ನೊಂದು ಸಿಂಬಲ್ಲಿನದು. ಅದನ್ನು ನೀವು ಬರೆದಿಲ್ಲ. ಸಿ ಲೈಬ್ರರಿಯ ಸ್ಟಾರ್ಟ್‌ಅಪ್ ಫೈಲಿನಿಂದ ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಪ್ರೋಗ್ರಾಂ) ತಂದು ಸೇರಿಸಿರುತ್ತದೆ.

ಈ ‘_ಸ್ಟಾರ್ಟ್’ ಸ್ಟ್ಯಾಕಿನ ಮೇಲೆ ಕರ್ನಲ್ (ಓಎಸ್‌ನ ತಿರುಳು) ಇಟ್ಟುಹೋದ ಆರ್ಗ್ಯುಮೆಂಟುಗಳನ್ನು ಎತ್ತಿಕೊಂಡು ಲೈಬ್ರರಿಯ ಸ್ಟಾರ್ಟ್ ಫಂಕ್ಷನ್ನಿಗೆ ಕೊಡುತ್ತದೆ. ಅದು ಬೇಕಾದ ಸಿದ್ಧತೆ ಮಾಡಿ, ಸಿ ಪ್ಲಸ್ ಪ್ಲಸ್ ಆದರೆ ಗ್ಲೋಬಲ್ ಆಬ್ಜೆಕ್ಟುಗಳ ಕನ್‌ಸ್ಟ್ರಕ್ಟರುಗಳನ್ನು ಓಡಿಸಿ, ಆಮೇಲೆ ‘ಮೇನ್’ ಕರೆಯುತ್ತದೆ. ‘ಮೇನ್’ ಹಿಂದಿರುಗಿಸಿದ ಸಂಖ್ಯೆಯೇ ಪ್ರೋಗ್ರಾಂನ ಎಕ್ಸಿಟ್ ಕೋಡ್. 0 ಬಂದರೆ ಸರಿಹೋಯಿತು ಅಂತ, ಬೇರೆ ಏನೇ ಬಂದರೂ ಏನೋ ಕೆಟ್ಟಿದೆ ಅಂತ.

ಡೈನಾಮಿಕ್ ಲೈಬ್ರರಿ ಬಳಸುವ ಪ್ರೋಗ್ರಾಂ ಆದರೆ ಇದಕ್ಕೂ ಮೊದಲು ಇನ್ನೊಂದು ಕೈ ಇದೆ. ಫೈಲಿನಲ್ಲಿ ಇಂಟರ್‌ಪ್ರಿಟರ್ ಅಂತ ಒಂದು ದಾರಿ ಬರೆದಿರುತ್ತದೆ. ಅದು ಡೈನಾಮಿಕ್ ಲೋಡರಿನ ದಾರಿ. ಕರ್ನಲ್ ಮೊದಲು ಓಡಿಸುವುದು ಅದನ್ನು. ಲೈಬ್ರರಿಗಳನ್ನೆಲ್ಲ ಜೋಡಿಸಿದ ಮೇಲೆ ಲೋಡರ್ ನಿಮ್ಮ ‘_ಸ್ಟಾರ್ಟ್’ಗೆ ಹಾರುತ್ತದೆ.

ಇದನ್ನೆಲ್ಲ ತಿಳಿದು ಏನು ಪ್ರಯೋಜನ? ‘ಮೇನ್’ನ ಮೊದಲ ಸಾಲಿಗೆ ಬ್ರೇಕ್‌ಪಾಯಿಂಟ್ ಹಾಕಿದ್ದೀರಿ, ಅಲ್ಲಿಗೆ ಬರುವ ಮೊದಲೇ ಪ್ರೋಗ್ರಾಂ ಕ್ರ್ಯಾಶ್ ಆಗುತ್ತಿದೆ ಅಂದುಕೊಳ್ಳಿ. ಒಂದೋ ಲೈಬ್ರರಿ ಸಿಕ್ಕಿಲ್ಲ, ಇಲ್ಲ ಯಾವುದೋ ಗ್ಲೋಬಲ್ ಆಬ್ಜೆಕ್ಟಿನ ಕನ್‌ಸ್ಟ್ರಕ್ಟರ್ ಕೈಕೊಟ್ಟಿದೆ. ಇದು ಗೊತ್ತಿಲ್ಲದಿದ್ದರೆ ದಿನವಿಡೀ ‘ಮೇನ್’ ಒಳಗೇ ಸುಮ್ನೆ ಹುಡುಕುತ್ತಾ ಕೂರಬೇಕಾಗುತ್ತದೆ.

ರಸ್ಟ್‌ನಲ್ಲೂ ಗೋನಲ್ಲೂ ‘ಮೇನ್’ ಇದೆ. ಗೋನಲ್ಲಿ ಅದು ‘ಮೇನ್’ ಎಂಬ ಪ್ಯಾಕೇಜಿನ ಒಳಗೇ ಇರಬೇಕು, ಮತ್ತು ‘ಇನಿಟ್’ ಫಂಕ್ಷನ್ನುಗಳು ಅದಕ್ಕಿಂತ ಮೊದಲು ಓಡುತ್ತವೆ. ಬೇರೆಯವರ ಗೋ ಪ್ರಾಜೆಕ್ಟ್ ಓದುವಾಗ ‘ಇನಿಟ್’ಗಳನ್ನು ಮೊದಲು ಹುಡುಕಿ.

ಹಂತ 3: ವಿಂಡೋಸ್‌ನ ಎರಡು ಬಾಗಿಲು

ವಿಂಡೋಸ್ ಎಕ್ಸಿಕ್ಯೂಟಬಲ್ಲುಗಳ ಹೆಡರಿನಲ್ಲೂ ಎಂಟ್ರಿ ಪಾಯಿಂಟ್ ವಿಳಾಸ ಇರುತ್ತದೆ. ಅಲ್ಲೇ ‘ಸಬ್‌ಸಿಸ್ಟಮ್’ ಅನ್ನುವ ಇನ್ನೊಂದು ಮಾಹಿತಿಯೂ ಇದೆ. ಅದು ‘ಕನ್ಸೋಲ್’ ಆದರೆ ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ, ‘ವಿಂಡೋಸ್’ ಆದರೆ ಇಲ್ಲ. ಯಾವುದು ಅನ್ನುವುದರ ಮೇಲೆ ಲಿಂಕರ್ ಯಾವ ಸ್ಟಾರ್ಟ್‌ಅಪ್ ಕೋಡ್ ಸೇರಿಸಬೇಕು ಅಂತ ತೀರ್ಮಾನಿಸುತ್ತದೆ. ಕನ್ಸೋಲಿನ ಸ್ಟಾರ್ಟ್‌ಅಪ್ ಕೋಡ್ ನಿಮ್ಮ ‘ಮೇನ್’ ಹುಡುಕುತ್ತದೆ, ಇನ್ನೊಂದು ‘ವಿನ್‌ಮೇನ್’ ಹುಡುಕುತ್ತದೆ.

ವಿಷುಯಲ್ ಸ್ಟುಡಿಯೋದಲ್ಲಿ ಹೊಸಬರಿಗೆ ಬರುವ ‘ಎಲ್ಎನ್‌ಕೆ 2019’ ಎರರ್‌ಗೆ ಇದೊಂದು ಸಾಮಾನ್ಯ ಕಾರಣ. ‘ವಿನ್‌ಮೇನ್’ ಸಿಗಲಿಲ್ಲ ಅಂತ ಅದು ಹೇಳಿದರೆ ಕೋಡ್ ತಿದ್ದಲು ಹೋಗಬೇಡಿ. ನೀವು ಬರೆದದ್ದು ‘ಮೇನ್’, ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿರುವುದು ‘ವಿಂಡೋಸ್’ ಸಬ್‌ಸಿಸ್ಟಮ್. ಲಿಂಕರ್ ವಿಭಾಗದ ‘ಸಿಸ್ಟಮ್’ ಪುಟದಲ್ಲಿ ‘ಕನ್ಸೋಲ್’ ಮಾಡಿದರೆ ಆಯಿತು. ‘ಮೇನ್’ ಸಿಗಲಿಲ್ಲ ಅಂದರೆ ಇದರ ಉಲ್ಟಾ.

‘ವಿನ್‌ಮೇನ್’ಗೆ ನಾಲ್ಕು ಪ್ಯಾರಾಮೀಟರ್ ಇವೆ. ಎರಡನೆಯದು, ಇದೇ ಪ್ರೋಗ್ರಾಂನ ಹಿಂದಿನ ಇನ್‌ಸ್ಟನ್ಸ್, 16 ಬಿಟ್ ವಿಂಡೋಸ್ ಕಾಲದ ಪಳೆಯುಳಿಕೆ. ಈಗ ಅದು ಯಾವಾಗಲೂ ನಲ್. ಪ್ರೋಗ್ರಾಂ ಆಗಲೇ ಓಡುತ್ತಿದೆಯಾ ಅಂತ ತಿಳಿಯಲು ಅದನ್ನು ನಂಬಬೇಡಿ.

ನಮ್ಮ ಬೆಲ್ಲದ ಬಿಲ್ ಪ್ರೋಗ್ರಾಂ ಸಿ ಶಾರ್ಪ್‌ನಲ್ಲಿದೆ ಅಂದುಕೊಳ್ಳೋಣ. ಅಲ್ಲಿ ‘ಸ್ಟ್ಯಾಟಿಕ್ ಮೇನ್’ ಹುಡುಕಬೇಕು. 2020ರಲ್ಲಿ ಬಂದ ಸಿ ಶಾರ್ಪ್ 9ರಿಂದ ಅದನ್ನು ಬರೆಯದೆಯೂ ಇರಬಹುದು. ಒಂದು ಫೈಲಿನಲ್ಲಿ ನೇರವಾಗಿ ಸಾಲುಗಳನ್ನು ಬರೆದರೆ ಕಂಪೈಲರೇ ‘ಮೇನ್’ ಕಟ್ಟಿಕೊಡುತ್ತದೆ. ಪ್ರಾಜೆಕ್ಟಿನಲ್ಲಿ ಅಂಥ ಫೈಲ್ ಒಂದೇ ಇರಬೇಕು. ಇನ್ನು ವಿಂಡೋಸ್‌ನ ಕಿಟಕಿ ಕಟ್ಟುವ ಫ್ರೇಮ್‌ವರ್ಕ್ ಡಬ್ಲ್ಯೂಪಿಎಫ್‌ನಲ್ಲಿ ಬರೆದಿದ್ದರೆ ‘ಮೇನ್’ ಎಲ್ಲೂ ಕಾಣುವುದೇ ಇಲ್ಲ. ‘ಆ್ಯಪ್’ ಹೆಸರಿನ ಜ್ಯಾಮಲ್ ಫೈಲ್ ತೆರೆಯಿರಿ. ‘ಸ್ಟಾರ್ಟ್‌ಅಪ್ ಯುಆರ್‌ಐ’ ಅಂತ ಮೊದಲ ಕಿಟಕಿಯ ಹೆಸರು ಅಲ್ಲಿರುತ್ತದೆ. ನಿಜವಾದ ‘ಮೇನ್’ ಬಿಲ್ಡ್ ಸಮಯದಲ್ಲಿ ತಾನೇ ತಯಾರಾಗಿ ‘ಓಬಿಜೆ’ ಫೋಲ್ಡರಿನಲ್ಲಿ ಕೂತಿರುತ್ತದೆ. ಒಂದು ಸಲ ಅದನ್ನು ತೆರೆದು ನೋಡಿ. ಎರಡು ಮೂರು ಸಾಲಿನ ಸಾಮಾನ್ಯ ಕೋಡು.

ಹಂತ 4: ಜಾವಾ, ಪೈಥಾನ್

ಜಾರ್ ಫೈಲ್ ಅಂದರೆ ಜಿಪ್ ಫೈಲೇ. ಬಿಚ್ಚಿದರೆ ‘ಮೆಟಾ-ಇನ್ಫ್’ ಫೋಲ್ಡರಿನಲ್ಲಿ ಮ್ಯಾನಿಫೆಸ್ಟ್ ಇರುತ್ತದೆ. ಅದರಲ್ಲಿ ‘ಮೇನ್-ಕ್ಲಾಸ್’ ಸಾಲು ಯಾವ ಕ್ಲಾಸಿನ ಹೆಸರು ಹೇಳುತ್ತದೋ ಅದೇ ಶುರು. ಆ ಸಾಲು ಇಲ್ಲದಿದ್ದರೆ ‘ನೋ ಮೇನ್ ಮ್ಯಾನಿಫೆಸ್ಟ್ ಆಟ್ರಿಬ್ಯೂಟ್’ ಅಂತ ಜಾವಾ ಕೈಚೆಲ್ಲುತ್ತದೆ. ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಅಂತ ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದು ಈಗ ಕಡ್ಡಾಯವಲ್ಲ. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಬರೀ ‘ವಾಯ್ಡ್ ಮೇನ್’ ಸಾಕು, ಸುತ್ತ ಕ್ಲಾಸ್ ಕೂಡ ಬರೆಯಬೇಕಿಲ್ಲ. ಇದು ಹತ್ತು ವರ್ಷ ಮೊದಲೇ ಬರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಪೈಥಾನ್‌ನಲ್ಲಿ ಕೊಟ್ಟ ಫೈಲೇ ಎಂಟ್ರಿ ಪಾಯಿಂಟ್. ಮೊದಲ ಸಾಲಿನಿಂದ ಓಡುತ್ತದೆ. ‘__ನೇಮ್__’ ಅನ್ನುವುದು ‘__ಮೇನ್__’ ಆಗಿದೆಯಾ ಅಂತ ಕೊನೆಯಲ್ಲಿ ಪರೀಕ್ಷಿಸುವ ಸಾಲು ಇರುತ್ತದಲ್ಲ, ಅದು ಬರೀ ಸಂಪ್ರದಾಯವಲ್ಲ. ಆ ಕಾವಲು ಇಲ್ಲದಿದ್ದರೆ, ಬೇರೆ ಫೈಲು ನಿಮ್ಮದನ್ನು ಇಂಪೋರ್ಟ್ ಮಾಡಿದ ಕೂಡಲೇ ದಿನದ ಲೆಕ್ಕ ಕೂಡಿಸುವ ಕೆಲಸ ಶುರುವಾಗಿಬಿಡುತ್ತದೆ. ವಿಂಡೋಸ್‌ನಲ್ಲಿ ಮಲ್ಟಿಪ್ರೋಸೆಸಿಂಗ್ ಬಳಸಿದರೆ ಇನ್ನೂ ಫಜೀತಿ. ಪ್ರತಿ ಹೊಸ ಪ್ರೋಸೆಸ್ಸೂ ಆ ಫೈಲನ್ನು ಮತ್ತೆ ಇಂಪೋರ್ಟ್ ಮಾಡುವುದರಿಂದ ರನ್‌ಟೈಮ್ ಎರರ್ ಬಂದು ನಿಲ್ಲುತ್ತದೆ. ಫೋಲ್ಡರನ್ನೇ ಪ್ಯಾಕೇಜಾಗಿ ಓಡಿಸುವುದಾದರೆ ‘__ಮೇನ್__’ ಹೆಸರಿನ ಫೈಲ್ ನೋಡಿ. ಪಿಪ್‌ನಲ್ಲಿ ಹಾಕಿದ ಕಮಾಂಡ್ ಆದರೆ ‘ಪೈಪ್ರಾಜೆಕ್ಟ್ ಟಾಮಲ್’ ಫೈಲಿನ ‘ಸ್ಕ್ರಿಪ್ಟ್ಸ್’ ವಿಭಾಗ ನೋಡಿ.

ಎಂಟ್ರಿ ಪಾಯಿಂಟಿಗೆ ಬರುವಾಗ ಪ್ರೋಗ್ರಾಂ ಯಾವ ಫೋಲ್ಡರಿನಲ್ಲಿ ನಿಂತಿದೆ ಅನ್ನುವುದನ್ನೂ ಗಮನಿಸಿ. ರಾತ್ರಿಯ ಸ್ಕ್ರಿಪ್ಟನ್ನು ಕೈಯಿಂದ ಓಡಿಸಿದರೆ ಸರಿಯಾಗಿ ಓಡುತ್ತದೆ. ಟಾಸ್ಕ್ ಶೆಡ್ಯೂಲರಿಗೆ ಹಾಕಿದರೆ ‘ಫೈಲ್ ಸಿಗಲಿಲ್ಲ’ ಅನ್ನುತ್ತದೆ. ‘ಸ್ಟಾರ್ಟ್ ಇನ್’ ಖಾಲಿ ಬಿಟ್ಟರೆ ವಿಂಡೋಸ್ ಅದನ್ನು ತನ್ನ ‘ಸಿಸ್ಟಮ್32’ ಫೋಲ್ಡರಿನಲ್ಲಿ ನಿಲ್ಲಿಸಿ ಓಡಿಸುತ್ತದೆ, ನಿಮ್ಮ ಸೆಟ್ಟಿಂಗ್ ಫೈಲ್ ಇರುವುದು ಬೇರೆ ಕಡೆ. ಫೈಲಿನ ದಾರಿಯನ್ನು ಸ್ಕ್ರಿಪ್ಟ್ ಇರುವ ಜಾಗದಿಂದ ಲೆಕ್ಕ ಹಾಕುವುದೇ ಸರಿಯಾದ ಪರಿಹಾರ.

ಹಂತ 5: ಮ್ಯಾಕ್ ಮತ್ತು ಐಫೋನ್

ಮ್ಯಾಕ್‌ನಲ್ಲಿ ಆ್ಯಪ್ ಅಂತ ಕಾಣುವುದು ನಿಜಕ್ಕೂ ಒಂದು ಫೋಲ್ಡರ್. ಬಲ ಕ್ಲಿಕ್ ಮಾಡಿ ‘ಶೋ ಪ್ಯಾಕೇಜ್ ಕಂಟೆಂಟ್ಸ್’ ಒತ್ತಿ. ಒಳಗಿನ ‘ಇನ್ಫೋ ಪಿಲಿಸ್ಟ್’ನಲ್ಲಿ ಎಕ್ಸಿಕ್ಯೂಟಬಲ್ ಫೈಲಿನ ಹೆಸರು ಇರುತ್ತದೆ. ಆ ಫೈಲಿನ ಹೆಡರಿನಲ್ಲಿ ‘ಎಲ್‌ಸಿ ಮೇನ್’ ಎಂಬ ಲೋಡ್ ಕಮಾಂಡ್ ‘ಮೇನ್’ ಎಲ್ಲಿದೆ ಅಂತ ಹೇಳುತ್ತದೆ.

ಐಫೋನಿನಲ್ಲೂ ಹೆಚ್ಚುಕಡಿಮೆ ಇದೇ. ಹಳೆಯ ಆಬ್ಜೆಕ್ಟಿವ್ ಸಿ ಪ್ರಾಜೆಕ್ಟಿನಲ್ಲಿ ‘ಮೇನ್ ಡಾಟ್ ಎಂ’ ಅಂತ ಪುಟ್ಟ ಫೈಲ್ ಇರುತ್ತದೆ. ಅದರ ಕೆಲಸ ‘ಯುಐ ಅಪ್ಲಿಕೇಶನ್ ಮೇನ್’ ಕರೆಯುವುದಷ್ಟೇ. ಅದು ಅಲ್ಲಿಂದ ಮರಳಿ ಬರುವುದೇ ಇಲ್ಲ, ಆ್ಯಪ್ ಇರುವವರೆಗೂ ಅದರೊಳಗೇ. ಅದರ ಕೆಳಗೆ ನೀವು ಬರೆದ ಸಾಲು ಎಂದೂ ಓಡುವುದಿಲ್ಲ.

ಸ್ವಿಫ್ಟ್‌ನಲ್ಲಿ ಈ ಫೈಲನ್ನೂ ತೆಗೆದುಹಾಕಿ ಕ್ಲಾಸಿನ ಮೇಲೊಂದು ಗುರುತು ಹಾಕುವ ರೂಢಿ ಬಂತು. 2020ರ ಸ್ವಿಫ್ಟ್ 5.3ರಿಂದ ಅದು ‘@ಮೇನ್’. ಹೊಸ ಪ್ರಾಜೆಕ್ಟ್ ಸಿಕ್ಕರೆ ಮೊದಲು ಇದನ್ನು ಹುಡುಕಿ. ಸ್ವಿಫ್ಟ್‌ಯುಐ ಆದರೆ ‘ಆ್ಯಪ್’ ಪ್ರೋಟೋಕಾಲ್ ಪಾಲಿಸುವ ಸ್ಟ್ರಕ್ಟ್ ಮೇಲಿರುತ್ತದೆ, ಯುಐಕಿಟ್ ಆದರೆ ಆ್ಯಪ್ ಡೆಲಿಗೇಟ್ (ಆ್ಯಪಿನ ಘಟನೆಗಳನ್ನು ಸಿಸ್ಟಮ್ ತಿಳಿಸುವ ಕ್ಲಾಸ್) ಮೇಲೆ. ಪ್ರಾಜೆಕ್ಟಿನಲ್ಲಿ ‘ಮೇನ್ ಡಾಟ್ ಸ್ವಿಫ್ಟ್’ ಎಂಬ ಫೈಲೂ ಇದ್ದು ‘@ಮೇನ್’ ಕೂಡ ಇದ್ದರೆ ಕಂಪೈಲರ್ ಜಗಳ ತೆಗೆಯುತ್ತದೆ. ಎರಡರಲ್ಲಿ ಒಂದನ್ನು ತೆಗೆಯಿರಿ.

ಡೆಲಿಗೇಟ್‌ನಲ್ಲಿ ಕಿಟಕಿ ಕಟ್ಟುವ ಕೋಡ್ ಕಾಣಲಿಲ್ಲವಾ? ಐಓಎಸ್ 13ರಿಂದ ಆ ಕೆಲಸ ಸೀನ್ ಡೆಲಿಗೇಟಿಗೆ ಹೋಗಿದೆ. ಅದರ ಹೆಸರು ‘ಇನ್ಫೋ ಪಿಲಿಸ್ಟ್’ನ ಸೀನ್ ಮ್ಯಾನಿಫೆಸ್ಟಿನಲ್ಲಿದೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಐಓಎಸ್ 15ರಿಂದ ಬಳಕೆದಾರ ಐಕಾನ್ ಮುಟ್ಟುವ ಮೊದಲೇ ಸಿಸ್ಟಮ್ ಆ್ಯಪನ್ನು ಅರ್ಧಕ್ಕೆ ಶುರುಮಾಡಿ ಇಟ್ಟಿರಬಹುದು. ‘ಯುಐ ಅಪ್ಲಿಕೇಶನ್ ಮೇನ್’ ಕರೆಯುವ ಹಂತದವರೆಗೆ ತಂದು ನಿಲ್ಲಿಸುತ್ತದೆ. ಹಾಗಾಗಿ ಆ್ಯಪ್ ತೆರೆಯಲು ಎಷ್ಟು ಹೊತ್ತು ಹಿಡಿಯಿತು ಅಂತ ಪ್ರೋಸೆಸ್ ಶುರುವಾದ ಸಮಯದಿಂದ ಅಳೆದರೆ ಗಂಟೆಗಟ್ಟಲೆ ತೋರಿಸಿದರೂ ಆಶ್ಚರ್ಯವಿಲ್ಲ.

ಹಂತ 6: ಆಂಡ್ರಾಯ್ಡ್

ಇದಕ್ಕೆ ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ. ನಮ್ಮ ಕಡೆ ಬರೆಯುವ ಆ್ಯಪ್‌ಗಳಲ್ಲಿ ಹೆಚ್ಚಿನವು ಆಂಡ್ರಾಯ್ಡ್‌ನವೇ.

‘ಆಂಡ್ರಾಯ್ಡ್ ಮ್ಯಾನಿಫೆಸ್ಟ್’ ಎಕ್ಸ್‌ಎಂಎಲ್ ಫೈಲ್ ತೆರೆಯಿರಿ. ಅದರಲ್ಲಿ ‘ಆಕ್ಟಿವಿಟಿ’ ಟ್ಯಾಗುಗಳಿವೆ. ಆಕ್ಟಿವಿಟಿ ಅಂದರೆ ಆ್ಯಪಿನ ಒಂದು ಪರದೆ. ಯಾವುದರ ‘ಇಂಟೆಂಟ್ ಫಿಲ್ಟರ್’ ಒಳಗೆ ಆ್ಯಕ್ಷನ್ ‘ಮೇನ್’, ಕ್ಯಾಟಗರಿ ‘ಲಾಂಚರ್’ ಎರಡೂ ಒಟ್ಟಿಗೆ ಇವೆಯೋ ಅದೇ ಐಕಾನ್ ಮುಟ್ಟಿದಾಗ ತೆರೆಯುವ ಪರದೆ. ಆ ಫಿಲ್ಟರ್ ಎಲ್ಲೂ ಇಲ್ಲದಿದ್ದರೆ ಆ್ಯಪ್ ಇನ್‌ಸ್ಟಾಲ್ ಆಗುತ್ತದೆ, ಆದರೆ ತೆರೆಯಲು ಐಕಾನ್ ಇರುವುದಿಲ್ಲ. ಎರಡು ಆಕ್ಟಿವಿಟಿಗೆ ಹಾಕಿದರೆ ಎರಡು ಐಕಾನ್. ಆಂಡ್ರಾಯ್ಡ್ 12ಕ್ಕೆ ಟಾರ್ಗೆಟ್ ಮಾಡಿದಾಗಿನಿಂದ ಫಿಲ್ಟರ್ ಇರುವ ಪ್ರತಿ ಆಕ್ಟಿವಿಟಿಗೂ ‘ಎಕ್ಸ್‌ಪೋರ್ಟೆಡ್’ ಟ್ರೂ ಅಥವಾ ಫಾಲ್ಸ್ ಅಂತ ಬರೆಯಲೇಬೇಕು. ಲಾಂಚರ್ ಪರದೆಗೆ ಟ್ರೂ.

ನೀವು ಬರೆದ ಮ್ಯಾನಿಫೆಸ್ಟೇ ಕೊನೆಯದಲ್ಲ. ಪ್ರತಿ ಲೈಬ್ರರಿಯೂ ತನ್ನದೊಂದನ್ನು ತರುತ್ತದೆ, ಬಿಲ್ಡ್ ಸಮಯದಲ್ಲಿ ಎಲ್ಲ ಸೇರಿ ಒಂದಾಗುತ್ತದೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಮ್ಯಾನಿಫೆಸ್ಟ್ ತೆರೆದು ಕೆಳಗಿನ ‘ಮರ್ಜ್ಡ್ ಮ್ಯಾನಿಫೆಸ್ಟ್’ ಟ್ಯಾಬ್ ಒತ್ತಿದರೆ ಅದು ಕಾಣುತ್ತದೆ. ಡಿಬಗ್ ಬಿಲ್ಡಿನಲ್ಲಿ ಮೆಮೊರಿ ಸೋರಿಕೆ ಹುಡುಕುವ ಲೀಕ್‌ಕ್ಯಾನರಿ ಲೈಬ್ರರಿ ಹಾಕಿದಾಗ ಅದರದೇ ಇನ್ನೊಂದು ಐಕಾನ್ ಮೂಡುವುದು ಹೀಗೆ. ಫೋನಿನಲ್ಲಿ ಆಗಲೇ ಹಾಕಿರುವ ಆ್ಯಪ್ ಆದರೆ ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡುವ ಸಾಧನ) ಶೆಲ್ಲಿನಲ್ಲಿ ‘ಸಿಎಂಡಿ ಪ್ಯಾಕೇಜ್ ರಿಸಾಲ್ವ್-ಆಕ್ಟಿವಿಟಿ --ಬ್ರೀಫ್’ ಬರೆದು ಪ್ಯಾಕೇಜಿನ ಹೆಸರು ಕೊಡಿ. ಲಾಂಚರ್ ಆಕ್ಟಿವಿಟಿಯ ಹೆಸರು ಬಂದುಬಿಡುತ್ತದೆ.

ಈಗ ಮುಖ್ಯ ವಿಷಯ. ಲಾಂಚರ್ ಆಕ್ಟಿವಿಟಿ ಸಿಕ್ಕಿತು, ಎಂಟ್ರಿ ಪಾಯಿಂಟ್ ಸಿಕ್ಕಿತು ಅಂದುಕೊಂಡರೆ ತಪ್ಪು. ಮೈಸೂರು ಅರಮನೆಗೆ ಟಿಕೆಟ್ ತೆಗೆದುಕೊಂಡು ವರಾಹ ದ್ವಾರದಿಂದ ಹೋದವರು ಇರುವುದೇ ಅದೊಂದು ಬಾಗಿಲು ಅಂದುಕೊಂಡರೆ, ಜಂಬೂ ಸವಾರಿ ಬಲರಾಮ ದ್ವಾರದಿಂದ ಹೊರಡುವುದು ಲೆಕ್ಕಕ್ಕೇ ಸಿಗುವುದಿಲ್ಲ. ಆಂಡ್ರಾಯ್ಡ್ ಆ್ಯಪಿಗೂ ಬಾಗಿಲು ಹಲವು. ನೋಟಿಫಿಕೇಶನ್ ಮುಟ್ಟಿದರೆ ನಡುವಿನ ಯಾವುದೋ ಪರದೆ ತೆರೆಯಬಹುದು. ವಾಟ್ಸಾಪಿನಲ್ಲಿ ಬಂದ ಲಿಂಕ್ ಇನ್ನೊಂದಕ್ಕೆ ಕರೆದೊಯ್ಯಬಹುದು. ಫೋನ್ ಆನ್ ಆದಾಗ ಬ್ರಾಡ್‌ಕಾಸ್ಟ್ ರಿಸೀವರ್ ಎಚ್ಚರವಾಗಬಹುದು, ಆಗ ಪರದೆಯೇ ಇಲ್ಲ. ಹಿನ್ನೆಲೆಯಲ್ಲಿ ಕೆಲಸ ಮಾಡುವ ಸರ್ವಿಸ್, ಡೇಟಾ ಒದಗಿಸುವ ಕಂಟೆಂಟ್ ಪ್ರೊವೈಡರ್ ಕೂಡ ಬಾಗಿಲುಗಳೇ. ಎಲ್ಲವನ್ನೂ ಮ್ಯಾನಿಫೆಸ್ಟಿನಿಂದ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಯಾವ ಬಾಗಿಲಿಂದ ಬಂದರೂ ಪ್ರೋಸೆಸ್ ಹುಟ್ಟುವ ಕ್ರಮ ಮಾತ್ರ ಒಂದೇ. ಜೈಗೋಟ್ ಎಂಬ ತಾಯಿ ಪ್ರೋಸೆಸ್ ತನ್ನ ನಕಲು ತೆಗೆಯುತ್ತದೆ. ಅದರೊಳಗೆ ‘ಆಕ್ಟಿವಿಟಿ ಥ್ರೆಡ್’ ಕ್ಲಾಸಿನ ‘ಮೇನ್’ ಓಡುತ್ತದೆ. ಹುಡುಕುತ್ತಿದ್ದ ‘ಮೇನ್’ ಇದೇ, ಸಿಸ್ಟಮ್ಮಿನ ಕೋಡಿನಲ್ಲಿದೆ. ಆಮೇಲೆ ನಿಮ್ಮ ‘ಅಪ್ಲಿಕೇಶನ್’ ಕ್ಲಾಸ್ ಹುಟ್ಟುತ್ತದೆ. ಅದರ ‘ಆನ್‌ಕ್ರಿಯೇಟ್’ಗಿಂತ ಮೊದಲು ಕಂಟೆಂಟ್ ಪ್ರೊವೈಡರುಗಳ ‘ಆನ್‌ಕ್ರಿಯೇಟ್’ ಓಡುತ್ತದೆ. ನೀವು ಒಂದು ಸಾಲೂ ಬರೆಯದೆ ಗೂಗಲ್‌ನ ಫೈರ್‌ಬೇಸ್ ಲೈಬ್ರರಿ ಸಿದ್ಧವಾಗಿರುತ್ತದಲ್ಲ, ಅದು ಈ ದಾರಿಯಲ್ಲೇ. ಆಮೇಲೆ ಅಪ್ಲಿಕೇಶನ್ನಿನ ‘ಆನ್‌ಕ್ರಿಯೇಟ್’. ಕಟ್ಟಕಡೆಗೆ ಆಕ್ಟಿವಿಟಿ, ಸರ್ವಿಸ್ ಅಥವಾ ರಿಸೀವರ್.

ಈ ಕ್ರಮ ಮರೆತರೆ ಏನಾಗುತ್ತದೆ ಅಂತ ಆಲೆಮನೆಯ ಆ್ಯಪಿನಲ್ಲಿ ನೋಡೋಣ. ಬರೆದವರು ಡೇಟಾಬೇಸ್ ತೆರೆಯುವ ಸಾಲನ್ನು ಲಾಂಚರ್ ಪರದೆಯ ‘ಆನ್‌ಕ್ರಿಯೇಟ್’ನಲ್ಲಿ ಹಾಕಿದ್ದಾರೆ. ಅಲ್ಲಿಂದ ತಾನೇ ಎಲ್ಲರೂ ಬರುವುದು ಅನ್ನುವ ಲೆಕ್ಕ. ಟೆಸ್ಟ್ ಮಾಡಿದಾಗ ಎಲ್ಲ ಸರಿಯಿತ್ತು. ಈಗ ತೂಕದ ಜಾಗದಲ್ಲಿ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿವೆ. ರೈತರ ಹೆಸರು, ಲೋಡಿನ ತೂಕ ಬರೆದು, ಚೀಟಿಯ ಫೋಟೋ ತೆಗೆಯಲು ಕ್ಯಾಮೆರಾ ತೆರೆದಾಯಿತು. ಫೋನ್ ಹಳೆಯದು, ರ‍್ಯಾಮ್ ಕಡಿಮೆ. ಕ್ಯಾಮೆರಾಕ್ಕೆ ಜಾಗ ಬೇಕು ಅಂತ ಸಿಸ್ಟಮ್ ಹಿಂದೆ ನಿಂತ ಆ್ಯಪಿನ ಪ್ರೋಸೆಸ್ಸನ್ನು ತೆಗೆಯಿತು. ಫೋಟೋ ಆಗಿ ವಾಪಸ್ ಬಂದಾಗ ಸಿಸ್ಟಮ್ ಲಾಂಚರ್ ಪರದೆಗೆ ಹೋಗುವುದಿಲ್ಲ. ಬಿಟ್ಟ ಜಾಗ ನೆನಪಿಟ್ಟುಕೊಂಡು ನೇರ ತೂಕದ ಪರದೆಯನ್ನೇ ಹೊಸದಾಗಿ ಕಟ್ಟುತ್ತದೆ. ಡೇಟಾಬೇಸ್ ಯಾರೂ ತೆರೆದಿಲ್ಲ. ನಲ್ ಪಾಯಿಂಟರ್, ಕ್ರ್ಯಾಶ್. ಬರೆದವರ ಒಳ್ಳೆಯ ಫೋನಿನಲ್ಲಿ ಇದು ಜನ್ಮದಲ್ಲಿ ಕಾಣಿಸುವುದಿಲ್ಲ.

ಪರಿಹಾರ: ಎಲ್ಲ ಬಾಗಿಲಿಗೂ ಬೇಕಾದದ್ದನ್ನು ಅಪ್ಲಿಕೇಶನ್ ಕ್ಲಾಸಿನಲ್ಲಿ ಇಡಿ, ಇಲ್ಲವೇ ಮೊದಲ ಸಲ ಕೇಳಿದಾಗ ತಾನೇ ತೆರೆದುಕೊಳ್ಳುವಂತೆ ಬರೆಯಿರಿ. ಎರಡನೆಯದೇ ನನಗೆ ಇಷ್ಟ, ಆ್ಯಪ್ ಬೇಗ ತೆರೆಯುತ್ತದೆ. ಅರ್ಧ ತುಂಬಿದ ಫಾರ್ಮನ್ನು ಸೇವ್ಡ್ ಇನ್‌ಸ್ಟನ್ಸ್ ಸ್ಟೇಟ್‌ನಲ್ಲಿ ಇಟ್ಟುಕೊಳ್ಳಿ. ಸ್ವಂತ ಅಪ್ಲಿಕೇಶನ್ ಕ್ಲಾಸ್ ಬರೆದರೆ ಅದರ ಹೆಸರನ್ನು ಮ್ಯಾನಿಫೆಸ್ಟಿನ ‘ಅಪ್ಲಿಕೇಶನ್’ ಟ್ಯಾಗಿನಲ್ಲಿ ಸೇರಿಸಬೇಕು. ಅದನ್ನು ಮರೆತರೆ ಆಂಡ್ರಾಯ್ಡ್ ತನ್ನ ಮಾಮೂಲಿ ಕ್ಲಾಸನ್ನೇ ಬಳಸುತ್ತದೆ, ಎರರ್ ಕೂಡ ಕೊಡುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ತೂಕದ ಪರದೆಗೆ ಹೋಗಿ, ಅರ್ಧ ತುಂಬಿ, ಹೋಮ್ ಬಟನ್ ಒತ್ತಿ. ಎಡಿಬಿ ಶೆಲ್ಲಿನಲ್ಲಿ ‘ಎಎಂ ಕಿಲ್’ ಜೊತೆ ಪ್ಯಾಕೇಜ್ ಹೆಸರು ಕೊಡಿ. ಆಮೇಲೆ ರೀಸೆಂಟ್ಸ್ ಪಟ್ಟಿಯಿಂದ ವಾಪಸ್ ಬನ್ನಿ. ಡೆವಲಪರ್ ಆಪ್ಷನ್ಸ್‌ನಲ್ಲಿರುವ ‘ಡೋಂಟ್ ಕೀಪ್ ಆಕ್ಟಿವಿಟೀಸ್’ ಇದಕ್ಕೆ ಸಾಲದು. ಅದು ಪರದೆಗಳನ್ನು ಮಾತ್ರ ನಾಶ ಮಾಡುತ್ತದೆ, ಪ್ರೋಸೆಸ್ ಬದುಕಿರುತ್ತದೆ.

ಹಂತ 7: ಫ್ಲಟರ್, ರಿಯಾಕ್ಟ್ ನೇಟಿವ್, ಎಲೆಕ್ಟ್ರಾನ್

ಒಂದೇ ಕೋಡಿನಿಂದ ಹಲವು ಓಎಸ್‌ಗೆ ಆ್ಯಪ್ ಕಟ್ಟುವ ಈ ಫ್ರೇಮ್‌ವರ್ಕುಗಳಲ್ಲಿ ಶುರು ಎರಡು ಸಲ. ಮೊದಲು ಆಯಾ ಓಎಸ್‌ನ ಬಾಗಿಲು, ಆಮೇಲೆ ಫ್ರೇಮ್‌ವರ್ಕಿನದು.

ಫ್ಲಟರಿನಲ್ಲಿ ‘ಲಿಬ್’ ಫೋಲ್ಡರಿನ ‘ಮೇನ್ ಡಾಟ್ ಡಾರ್ಟ್’ ನೋಡಿ. ಅದರ ‘ಮೇನ್’ ಒಳಗಿನ ‘ರನ್‌ಆ್ಯಪ್’ಗೆ ಕೊಟ್ಟ ವಿಜೆಟ್ಟೇ ಮೊದಲ ಪರದೆ. ಆದರೆ ಆಂಡ್ರಾಯ್ಡ್‌ನಲ್ಲಿ ಐಕಾನ್ ಮುಟ್ಟಿದಾಗ ತೆರೆಯುವುದು ಖಾಲಿಯಂತೆ ಕಾಣುವ ಒಂದು ‘ಮೇನ್ ಆಕ್ಟಿವಿಟಿ’. ಅದು ಎಂಜಿನ್ ಎಬ್ಬಿಸಿ, ಫ್ಲಟರಿನ ಭಾಷೆಯಾದ ಡಾರ್ಟ್‌ನ ‘ಮೇನ್’ ಓಡಿಸುತ್ತದೆ. ‘ಫ್ಲಟರ್ ರನ್’ಗೆ ‘-ಟಿ’ ಕೊಟ್ಟು ಬೇರೆ ಫೈಲಿನಿಂದಲೂ ಶುರು ಮಾಡಬಹುದು, ಟೆಸ್ಟ್ ಸರ್ವರಿಗೆ ಒಂದು, ನಿಜವಾದದ್ದಕ್ಕೆ ಒಂದು ಅಂತ. ಹಿನ್ನೆಲೆಯಲ್ಲಿ ಓಡುವ ಡಾರ್ಟ್ ಫಂಕ್ಷನ್ನಿಗೆ ‘ವಿಎಂ ಎಂಟ್ರಿ-ಪಾಯಿಂಟ್’ ಪ್ರಾಗ್ಮಾ (ಕಂಪೈಲರಿಗೆ ಕೊಡುವ ಸೂಚನೆ) ಹಾಕಬೇಕು. ಇಲ್ಲದಿದ್ದರೆ ರಿಲೀಸ್ ಬಿಲ್ಡಿನಲ್ಲಿ ‘ಇದನ್ನು ಯಾರೂ ಕರೆಯುತ್ತಿಲ್ಲ’ ಅಂತ ಕಂಪೈಲರ್ ತೆಗೆದುಹಾಕಬಹುದು. ಡಿಬಗ್‌ನಲ್ಲಿ ಓಡುತ್ತದೆ, ರಿಲೀಸಿನಲ್ಲಿ ಇಲ್ಲ ಅನ್ನುವ ದೂರಿಗೆ ಇದೊಂದು ಕಾರಣ.

ರಿಯಾಕ್ಟ್ ನೇಟಿವ್‌ನಲ್ಲಿ ‘ಇಂಡೆಕ್ಸ್ ಡಾಟ್ ಜೆಎಸ್’ನಲ್ಲಿ ‘ಆ್ಯಪ್ ರಿಜಿಸ್ಟ್ರಿ’ಗೆ ಕೊಟ್ಟ ಹೆಸರೂ ನೇಟಿವ್ ಕಡೆ ಕೊಟ್ಟ ಹೆಸರೂ ಅಕ್ಷರಶಃ ಒಂದೇ ಇರಬೇಕು. ಎಲೆಕ್ಟ್ರಾನ್ ಆದರೆ ‘ಪ್ಯಾಕೇಜ್ ಡಾಟ್ ಜೇಸನ್’ನ ‘ಮೇನ್’ ಸಾಲು ನೋಡಿ. ಅಲ್ಲಿಂದ ಶುರುವಾಗುವುದು ಮೇನ್ ಪ್ರೋಸೆಸ್. ಕಿಟಕಿಯೊಳಗಿನ ಪುಟ ಬೇರೆಯೇ ಪ್ರೋಸೆಸ್, ಅದರ ಶುರು ಮೇನ್ ಪ್ರೋಸೆಸ್ ಲೋಡ್ ಮಾಡುವ ಎಚ್‌ಟಿಎಂಎಲ್ ಫೈಲ್.

ಹಂತ 8: ಸಿಕ್ಕ ಜಾಗ ಸರಿಯಾ ಅಂತ ಖಾತ್ರಿ ಮಾಡಿ

ಹುಡುಕಿದ ಫಂಕ್ಷನ್ನಿನ ಮೊದಲ ಸಾಲಿಗೆ ಬ್ರೇಕ್‌ಪಾಯಿಂಟ್ ಹಾಕಿ ಓಡಿಸಿ. ನಿಂತಾಗ ಕಾಲ್ ಸ್ಟ್ಯಾಕ್ ನೋಡಿ. ನಿಮ್ಮ ಫಂಕ್ಷನ್ನಿನ ಕೆಳಗೆ ಬರೀ ಓಎಸ್ ಅಥವಾ ಫ್ರೇಮ್‌ವರ್ಕಿನ ಹೆಸರುಗಳಿದ್ದರೆ ಸರಿಯಾದ ಜಾಗಕ್ಕೇ ಬಂದಿದ್ದೀರಿ. ನಿಮ್ಮದೇ ಪ್ರಾಜೆಕ್ಟಿನ ಇನ್ನೊಂದು ಹೆಸರು ಕಂಡರೆ ಇನ್ನೂ ಕೆಳಗಿಳಿಯಿರಿ.

ಆಮೇಲೆ ಆ ಫಂಕ್ಷನ್ನಿನಲ್ಲಿ ಏನೇನು ತುಂಬಿದ್ದಾರೆ ನೋಡಿ. ಮೊಬೈಲಿನಲ್ಲಿ ನೆಟ್‌ವರ್ಕ್ ಕರೆ, ದೊಡ್ಡ ಫೈಲ್ ಓದುವುದು ಅಲ್ಲಿದ್ದರೆ ಆ್ಯಪ್ ತೆರೆಯುವುದು ನಿಧಾನ. ಎಡಿಬಿ ಶೆಲ್ಲಿನ ‘ಎಎಂ ಸ್ಟಾರ್ಟ್’ಗೆ ದೊಡ್ಡಕ್ಷರದ ‘-ಡಬ್ಲ್ಯೂ’ ಕೊಟ್ಟರೆ ‘ಟೋಟಲ್ ಟೈಮ್’ ಮಿಲಿಸೆಕೆಂಡಿನಲ್ಲಿ ಬರುತ್ತದೆ. ಒಂದೊಂದನ್ನೇ ಹೊರಗೆ ಸರಿಸಿ ಮತ್ತೆ ಅಳೆಯಿರಿ.

ಡೆಸ್ಕ್‌ಟಾಪಿನಲ್ಲಿ ಬೇರೆಯದೇ ತಾಪತ್ರಯ. ಬಿಲ್ ಪ್ರೋಗ್ರ‍ಾಂ ತೆರೆಯುವುದು ತಡವಾದರೆ ಕೂತವರು ಐಕಾನ್ ಮೇಲೆ ಇನ್ನೊಮ್ಮೆ ಡಬಲ್ ಕ್ಲಿಕ್ ಮಾಡುತ್ತಾರೆ. ಎರಡು ಕಿಟಕಿ ತೆರೆದು, ಎರಡರಲ್ಲೂ ಒಂದೇ ಬಿಲ್ ನಂಬರ್ ಬರುತ್ತದೆ. ಆಗಲೇ ಒಂದು ಓಡುತ್ತಿದೆಯಾ ಅಂತ ನೋಡುವ ಕೆಲಸ ಎಂಟ್ರಿ ಪಾಯಿಂಟಿನದೇ, ಡೇಟಾಬೇಸ್ ತೆರೆಯುವುದಕ್ಕೂ ಮೊದಲು. ವಿಂಡೋಸ್‌ನಲ್ಲಿ ಹೆಸರಿಟ್ಟ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಬೀಗ) ಬಳಸಿ. ಎಲೆಕ್ಟ್ರಾನ್‌ನಲ್ಲಿ ‘ರಿಕ್ವೆಸ್ಟ್ ಸಿಂಗಲ್ ಇನ್‌ಸ್ಟನ್ಸ್ ಲಾಕ್’ ಕರೆದು, ಫಾಲ್ಸ್ ಬಂದರೆ ಅಲ್ಲೇ ಹೊರಬನ್ನಿ. ಮೊದಲಿನ ಕಿಟಕಿಯನ್ನು ಮುಂದೆ ತರುವ ಕೋಡನ್ನೂ ಸೇರಿಸಿ. ಅದಿಲ್ಲದಿದ್ದರೆ ‘ಕ್ಲಿಕ್ ಮಾಡಿದರೂ ಏನೂ ಆಗ್ತಿಲ್ಲ’ ಅಂತ ಫೋನ್ ಬರುತ್ತದೆ.